ಸೆಕೆಂಡಿಗೆ ನೂರಿಪ್ಪತ್ತೆಂಟು ತೀರ್ಪು

1999ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಕಂಪನಿ ‘ಕ್ವೇಕ್ 3 ಅರೀನಾ’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದಿತು. ಹೇಳಿಕೊಳ್ಳುವಂಥ ಕಥೆ ಅದರಲ್ಲಿರಲಿಲ್ಲ. ಒಂದು ಅಖಾಡ, ಕೈಯಲ್ಲೊಂದು ಬಂದೂಕು, ಎದುರಾಳಿಗಳಾಗಿ ಜಾಲದ ಇನ್ನೊಂದು ತುದಿಯಲ್ಲಿ ಕುಳಿತ ಮನುಷ್ಯರು. ಅಷ್ಟೇ. ಪರದೆಯೇ ಆಟಗಾರನ ಕಣ್ಣು. ಸತ್ತರೆ ಅಖಾಡದ ಇನ್ನಾವುದೋ ಮೂಲೆಯಲ್ಲಿ ಮತ್ತೆ ಹುಟ್ಟಿ ಓಡತೊಡಗಬೇಕು. 2005ರಲ್ಲಿ ಕಂಪನಿ ಈ ಆಟದ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಆ ಲೋಕದ ಗುರುತ್ವ ಎಷ್ಟು, ಓಟದ ವೇಗ ಎಷ್ಟು, ಗುಂಡಿನ ಪೆಟ್ಟು ಎಷ್ಟು ಎಂಬುದೆಲ್ಲ ಅಂದಿನಿಂದ ಬಯಲಾಗಿದೆ. ಯಾರು ಬೇಕಾದರೂ ಅಳೆದು ನೋಡಬಹುದು.

ಆಟದೊಳಗೆ ಅಡಿ, ಮೀಟರುಗಳಿಲ್ಲ. ‘ಯೂನಿಟ್’ ಎಂಬ ಸ್ವಂತ ಅಳತೆಯಿದೆ. ಅದರಲ್ಲಿ ಆಟಗಾರನ ಎತ್ತರ 56, ಅಗಲ 30. ಅವನನ್ನು ಆರಡಿ ಆಳೆಂದು ಹಿಡಿದರೆ ಒಂದು ಯೂನಿಟ್ ಸುಮಾರು 3.3 ಸೆಂಟಿಮೀಟರ್ ಆಯಿತು. ಇನ್ನು ಉಳಿದದ್ದು ಬರೀ ಗುಣಾಕಾರ. ಓಟದ ವೇಗ ಸೆಕೆಂಡಿಗೆ 320 ಯೂನಿಟ್, ಅಂದರೆ ಹತ್ತೂವರೆ ಮೀಟರಿನ ಆಸುಪಾಸು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರ ಸರಾಸರಿ ವೇಗ ಇಷ್ಟೇ ಇತ್ತು. ಮನುಷ್ಯಕುಲ ಒಮ್ಮೆ ಹತ್ತು ಸೆಕೆಂಡಿನ ಮಟ್ಟಿಗೆ ಮುಟ್ಟಿದ ವೇಗ ಈ ಅಖಾಡದಲ್ಲಿ ಮಾಮೂಲಿ ನಡಿಗೆ. ದಣಿವೆಂಬುದು ಇಲ್ಲವೇ ಇಲ್ಲ. ಹಿಂದಕ್ಕೆ ಓಡಿದರೂ ಅದೇ ವೇಗ.

ಗುರುತ್ವದ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಅದು 800 ಯೂನಿಟ್. ನಮ್ಮ ಅಳತೆಗೆ ಇಳಿಸಿದರೆ ಭೂಮಿಯ ಎಳೆತದ ಎರಡೂವರೆ ಪಟ್ಟಿಗೂ ಹೆಚ್ಚು. ಗುರುಗ್ರಹದ ಮೋಡಗಳ ಮೇಲಿನ ಎಳೆತಕ್ಕೆ ಹತ್ತಿರ. ಅಂಥ ಎಳೆತದಲ್ಲೂ ಆಟಗಾರ ನಿಂತಲ್ಲೇ ಜಿಗಿದರೆ ಸುಮಾರು ಒಂದೂವರೆ ಮೀಟರ್ ಮೇಲೇರುತ್ತಾನೆ, 0.675 ಸೆಕೆಂಡ್ ಗಾಳಿಯಲ್ಲಿರುತ್ತಾನೆ. ಓಡುತ್ತ ಜಿಗಿದರೆ ಏಳು ಮೀಟರ್ ದಾಟುತ್ತಾನೆ. ಅಚ್ಚರಿಯಾಗುವಷ್ಟು ನಿಧಾನ ಯಾವುದು ಗೊತ್ತೇ? ರಾಕೆಟ್. ಅದರ ವೇಗ ಸೆಕೆಂಡಿಗೆ 900 ಯೂನಿಟ್, ಅಂದರೆ ಗಂಟೆಗೆ 106 ಕಿಲೋಮೀಟರ್. ನಮ್ಮ ಯಾವ ಮಧ್ಯಮ ವೇಗದ ಬೌಲರ್ ಬೇಕಾದರೂ ಚೆಂಡನ್ನು ಅದಕ್ಕಿಂತ ಜೋರಾಗಿ ಎಸೆಯುತ್ತಾನೆ. ಮನುಷ್ಯ ಬೋಲ್ಟ್‌ನಂತೆ ಓಡಬೇಕು, ರಾಕೆಟ್ ಬೌಲರನಿಗಿಂತ ಮೆಲ್ಲಗೆ ಬರಬೇಕು. ತಪ್ಪಿಸಿಕೊಳ್ಳಲು ಸಾಧ್ಯವಿದ್ದರೆ ತಾನೇ ಆಟ?

ಇಷ್ಟೂ ವಿನ್ಯಾಸಕರು ಕೊಟ್ಟದ್ದು. ಆಟಗಾರರು ಅದನ್ನೂ ಮೀರಿದರು. ಗಾಳಿಯಲ್ಲಿರುವಾಗ ವೇಗ 320 ದಾಟಬಾರದೆಂದು ಕೋಡ್ ನೋಡಿಕೊಳ್ಳುತ್ತಿತ್ತು. ಆದರೆ ಅದು ಪರೀಕ್ಷಿಸುತ್ತಿದ್ದುದು ಆಟಗಾರ ಒತ್ತಿದ ದಿಕ್ಕಿನ ವೇಗವನ್ನು ಮಾತ್ರ. ಸಾಗುವ ದಿಕ್ಕು ಒಂದು, ಒತ್ತುವ ದಿಕ್ಕು ಇನ್ನೊಂದು ಆಗುವಂತೆ ಮೌಸನ್ನು ಸರಿಯಾದ ಕೋನದಲ್ಲಿ ತಿರುಗಿಸಿದರೆ ಕಾವಲುಗಾರನ ಕಣ್ಣು ತಪ್ಪಿ ವೇಗ ಕೂಡಿಕೊಳ್ಳುತ್ತ ಹೋಗುತ್ತದೆ. ಸ್ಟ್ರೇಫ್ ಜಂಪಿಂಗ್ ಎಂಬ ಈ ವಿದ್ಯೆ ಕಲಿತವರು ನಾಲ್ಕಾರು ಜಿಗಿತಗಳಲ್ಲಿ 500, 600 ಯೂನಿಟ್ ವೇಗ ಮುಟ್ಟುತ್ತಾರೆ. ಆಗ ಒಂದೊಂದು ಜಿಗಿತವೂ ಹದಿಮೂರು ಮೀಟರ್. ಉದ್ದ ಜಿಗಿತದ ವಿಶ್ವದಾಖಲೆ 8.95 ಮೀಟರ್. ಈ ದೋಷವನ್ನು ಸರಿಪಡಿಸುವ ಸಾಲುಗಳೂ ಕೋಡಿನಲ್ಲಿವೆ. ಆದರೆ ಅವು ಚಾಲ್ತಿಯಲ್ಲಿಲ್ಲ. ಇದು ಸರಿಯಾದ ವಿಧಾನ, ಆದರೆ ಆಡುವಾಗ ಹಿತವಾಗಿರುವುದಿಲ್ಲ ಎಂಬ ಅರ್ಥದ ಟಿಪ್ಪಣಿಯೊಂದಿಗೆ ಅವುಗಳನ್ನು ಬದಿಗಿಡಲಾಗಿದೆ. ಲೆಕ್ಕದ ತಪ್ಪೇ ಆಟದ ಜೀವಾಳವಾಯಿತು.

ಇನ್ನೊಂದು ತಪ್ಪು ಇದಕ್ಕೂ ಸೂಕ್ಷ್ಮ. ಪ್ರತಿ ಹೆಜ್ಜೆಯ ಲೆಕ್ಕ ಮುಗಿದ ಮೇಲೆ ಕೋಡ್ ವೇಗವನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಕಂಪ್ಯೂಟರ್ ಸೆಕೆಂಡಿಗೆ 125 ಚಿತ್ರ ಬಿಡಿಸುತ್ತಿದ್ದರೆ ಒಂದು ಹೆಜ್ಜೆ ಎಂದರೆ 8 ಮಿಲಿಸೆಕೆಂಡ್. ಅಷ್ಟರಲ್ಲಿ ಗುರುತ್ವ 6.4 ಯೂನಿಟ್ ವೇಗ ಕಸಿಯಬೇಕು. ಪೂರ್ಣಾಂಕದ ನಿಯಮದಿಂದಾಗಿ 6 ಮಾತ್ರ ಕಸಿಯುತ್ತದೆ. ಪ್ರತಿ ಹೆಜ್ಜೆಗೆ 0.4 ಉಳಿತಾಯ. 800 ಇದ್ದ ಗುರುತ್ವ ಹೀಗೆ 750ಕ್ಕೆ ಇಳಿದು, ಜಿಗಿತದ ಎತ್ತರ ಸುಮಾರು ಹತ್ತು ಸೆಂಟಿಮೀಟರ್ ಹೆಚ್ಚುತ್ತದೆ. ನಿಧಾನದ ಕಂಪ್ಯೂಟರ್ ಇದ್ದವನಿಗೆ ಹತ್ತಲಾಗದ ಕಟ್ಟೆಯನ್ನು ಇನ್ನೊಬ್ಬ ಹತ್ತಿ ನಿಲ್ಲುತ್ತಿದ್ದ. ಗಂಭೀರವಾಗಿ ಆಡುವವರೆಲ್ಲ 125ಕ್ಕೇ ಅಂಟಿಕೊಂಡದ್ದಕ್ಕೆ ಕಾರಣ ಇದೇ.

ಇಂಥ ಲೋಕಕ್ಕೆ ಇಳಿಯುವ ಮನುಷ್ಯನ ದೇಹದ ವೇಗ ಎಷ್ಟು? ಕಣ್ಣಿಗೆ ಏನಾದರೂ ಬಿದ್ದು, ಮಿದುಳು ಅದನ್ನು ಗುರುತಿಸಿ, ಆಜ್ಞೆ ಬೆನ್ನುಹುರಿಯಿಳಿದು ಬೆರಳನ್ನು ಒತ್ತಿಸುವ ಹೊತ್ತಿಗೆ 200ರಿಂದ 250 ಮಿಲಿಸೆಕೆಂಡ್ ಕಳೆದಿರುತ್ತದೆ. ಓಟದ ಸ್ಪರ್ಧೆಯಲ್ಲಿ ಪಿಸ್ತೂಲಿನ ಸದ್ದಾದ 100 ಮಿಲಿಸೆಕೆಂಡ್ ಒಳಗೆ ಕದಲಿದವರನ್ನು ತಪ್ಪು ಆರಂಭವೆಂದು ಹಿಡಿಯುವುದು, ಅಷ್ಟು ಬೇಗ ಯಾರೂ ಕೇಳಿ ಕದಲಲಾರರು ಎಂಬ ನಂಬಿಕೆಯ ಮೇಲೆ. ಕ್ವೇಕ್‌ನಲ್ಲಿ 200 ಮಿಲಿಸೆಕೆಂಡಿನಲ್ಲಿ ಎದುರಾಳಿ ಎರಡು ಮೀಟರ್ ಸರಿದಿರುತ್ತಾನೆ. ‘ವ್ಯಾಲರಂಟ್’ ಆಟದ ವ್ಯಾಂಡಲ್ ಬಂದೂಕು ಅಷ್ಟರಲ್ಲಿ ಎರಡು ಗುಂಡು ಹಾರಿಸಿರುತ್ತದೆ; ತಲೆಗೆ ಬಿದ್ದರೆ ಒಂದೇ ಸಾಕು. ಅಂದರೆ ಕಂಡ ಮೇಲೆ ಮಾಡುತ್ತೇನೆ ಎನ್ನುವವನು ಆಗಲೇ ಸೋತಿದ್ದಾನೆ.

ದೇಹದ ತಡಕ್ಕೆ ಊರಿನ ದೂರ ಸೇರಿಕೊಳ್ಳುತ್ತದೆ. ಬೆಳಕು ಬರಿದಾದ ಬಯಲಿನಲ್ಲಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋದರೆ, ಗಾಜಿನ ಎಳೆಯೊಳಗೆ ಎರಡು ಲಕ್ಷ. ಅಂದರೆ ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈ ಸರ್ವರಿಗೆ, ಅಂದರೆ ಆಟ ನಡೆಸುವ ಕಂಪ್ಯೂಟರಿಗೆ, ನೇರ ದೂರ ಸುಮಾರು 850 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ ಎಂಟೂವರೆ ಮಿಲಿಸೆಕೆಂಡ್ ಬೇಕು. ಸಿಂಗಪುರವಾದರೆ 3,200 ಕಿಲೋಮೀಟರ್, 32 ಮಿಲಿಸೆಕೆಂಡ್. ಸ್ಯಾನ್ ಫ್ರಾನ್ಸಿಸ್ಕೊ ಕಡೆಗಾದರೆ 14,000 ಕಿಲೋಮೀಟರ್, 140 ಮಿಲಿಸೆಕೆಂಡ್. ಇದು ಪ್ರಕೃತಿ ವಿಧಿಸಿದ ಕನಿಷ್ಠ ಸುಂಕ. ಕೇಬಲ್ಲು ನೇರ ಹೋಗುವುದಿಲ್ಲ, ನಡುವೆ ರೂಟರುಗಳು ತಡೆಯುತ್ತವೆ, ಮನೆಯ ವೈಫೈ ತನ್ನ ಪಾಲು ಕೇಳುತ್ತದೆ. ಎಲ್ಲ ಸೇರಿದ ಒಟ್ಟು ತಡವನ್ನೇ ಆಟಗಾರರು ಪಿಂಗ್ ಎನ್ನುವುದು. ಎರಡು ಸಾವಿರದ ದಶಕದ ಆರಂಭದಲ್ಲಿ ನಮ್ಮ ಸೈಬರ್ ಕೆಫೆಗಳಲ್ಲಿ ಹುಡುಗರು ‘ಕೌಂಟರ್ ಸ್ಟ್ರೈಕ್’ ಆಡುತ್ತಿದ್ದಾಗ ಈ ಪೀಡೆ ಇರಲಿಲ್ಲ. ಎಲ್ಲ ಕಂಪ್ಯೂಟರುಗಳೂ ಒಂದೇ ಕೋಣೆಯ ತಂತಿಗಳಲ್ಲಿ ಕೂಡಿಕೊಂಡಿದ್ದವು; ಎದುರಾಳಿ ಪಕ್ಕದ ಕುರ್ಚಿಯಲ್ಲೇ ಬೈಯುತ್ತ ಕೂತಿರುತ್ತಿದ್ದ.

ಪಿಂಗ್ 100 ಇದ್ದರೆ ಏನಾಗುತ್ತದೆ? ನೀವು ಕಾಣುವ ಎದುರಾಳಿಯ ಚಿತ್ರ 50 ಮಿಲಿಸೆಕೆಂಡ್ ಹಳತು. ನಿಮ್ಮ ಗುಂಡಿನ ಸುದ್ದಿ ಸರ್ವರ್ ಸೇರಲು ಇನ್ನೊಂದು 50. ಈ ಹತ್ತನೇ ಒಂದು ಸೆಕೆಂಡಿನಲ್ಲಿ ಅಡ್ಡ ಓಡುವವನು 32 ಯೂನಿಟ್ ಸರಿದಿರುತ್ತಾನೆ. ಅವನ ಅಗಲವೇ 30! ನೀವು ಅವನ ಎದೆಯ ನಟ್ಟನಡುವೆ ಗುರಿಯಿಟ್ಟು ರೈಲ್‌ಗನ್ ಎಂಬ ಬಂದೂಕು ಹಾರಿಸಿದಾಗ ಆ ಜಾಗದಲ್ಲಿ ಅವನ ಮೈಯ ಒಂದು ಎಳೆಯೂ ಇರುವುದಿಲ್ಲ. ಕಣ್ಣಿಗೆ ಕಂಡವನನ್ನು ಹೊಡೆದರೆ ಗುಂಡು ವ್ಯರ್ಥ. ಇನ್ನೂ ಕಾಣದ ಜಾಗಕ್ಕೆ ಹೊಡೆಯಬೇಕು. ಮೂಲ ಕ್ವೇಕ್ 3ರಲ್ಲಿ ದೂರದ ಸರ್ವರಿನಲ್ಲಿ ಆಡುತ್ತಿದ್ದವರು ಹಾಗೆಯೇ ಹೊಡೆಯುತ್ತಿದ್ದರು.

ಇದಕ್ಕಿಂತ ದೊಡ್ಡ ಸಂಕಟವನ್ನು ಮೂರು ವರ್ಷ ಮೊದಲೇ ಪರಿಹರಿಸಲಾಗಿತ್ತು. 1996ರ ಜೂನ್‌ನಲ್ಲಿ ಬಂದ ಮೊದಲ ‘ಕ್ವೇಕ್’ನಲ್ಲಿ ನೀವು ಮುಂದಡಿಯಿಡಲು ಗುಂಡಿ ಒತ್ತಿದರೆ, ಆ ಕೋರಿಕೆ ಸರ್ವರಿಗೆ ಹೋಗಿ ಒಪ್ಪಿಗೆ ಬಂದ ಮೇಲೆಯೇ ಕಾಲು ಕದಲುತ್ತಿತ್ತು. ಟೆಲಿಫೋನ್ ಮೋಡೆಮ್ಮಿನ ಕಾಲ. ಪಿಂಗ್ 200, 300 ಸಾಮಾನ್ಯ. ನಡೆದರೆ ಅಮಲೇರಿದಂತೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್‌ನ ಜಾನ್ ಕಾರ್ಮ್ಯಾಕ್ ‘ಕ್ವೇಕ್‌ವರ್ಲ್ಡ್’ ಎಂಬ ಪರಿಷ್ಕೃತ ರೂಪ ಬಿಡುಗಡೆ ಮಾಡಿದರು. ಅದರ ಸೂತ್ರ ಸರಳ: ಸರ್ವರಿನ ಅಪ್ಪಣೆಗೆ ಕಾಯಬೇಡ, ಅದು ಏನು ಹೇಳಬಹುದೆಂದು ನೀನೇ ಊಹಿಸಿ ನಡೆ, ಉತ್ತರ ಬಂದಾಗ ತಪ್ಪಿದ್ದರೆ ತಿದ್ದಿಕೋ. ನಿಮ್ಮ ಕಂಪ್ಯೂಟರ್ ಸೆಕೆಂಡಿಗೆ ಹತ್ತಾರು ಬಾರಿ ಊಹಿಸುತ್ತದೆ, ಬಹುಪಾಲು ಸರಿಯಾಗಿರುತ್ತದೆ, ತಪ್ಪಿದಾಗ ಮಾತ್ರ ನೀವು ಸರಕ್ಕನೆ ಹಿಂದಕ್ಕೆ ಎಳೆದಂತಾಗುತ್ತೀರಿ. ಆ ಎಳೆತವನ್ನೇ ಇಂದಿನ ಮಕ್ಕಳು ಲ್ಯಾಗ್ ಎಂದು ಶಪಿಸುವುದು.

ಆ ಮೋಡೆಮ್ಮಿನ ಇಕ್ಕಟ್ಟನ್ನೂ ಲೆಕ್ಕ ಹಾಕಿ. 28.8 ಕಿಲೋಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3,600 ಬೈಟ್ ಹರಿಯುತ್ತದೆ. ಕ್ವೇಕ್ 3ರ ಸರ್ವರ್ ಸೆಕೆಂಡಿಗೆ 20 ಬಾರಿ ಅಖಾಡದ ಸ್ಥಿತಿಯನ್ನು ಕಳಿಸುತ್ತದೆ. ಒಂದು ಬಾರಿಗೆ ಸಿಗುವುದು 180 ಬೈಟ್. ಇಂದು ಜಾಲದಲ್ಲಿ ಕನ್ನಡ ಬರೆದರೆ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಬೈಟ್ ತಗಲುತ್ತದೆ. 180 ಬೈಟಿನಲ್ಲಿ ಹಿಡಿಸುವುದು 60 ಸಂಕೇತ, ಅಂದರೆ ನೀವೀಗ ಓದುತ್ತಿರುವ ಈ ವಾಕ್ಯವೂ ಪೂರ್ತಿಯಾಗಿ ಅದರಲ್ಲಿ ಹಿಡಿಸದು. ಅಷ್ಟರಲ್ಲಿ ಎಲ್ಲರ ಜಾಗ, ದಿಕ್ಕು, ವೇಗ, ಹಾರುತ್ತಿರುವ ರಾಕೆಟ್, ಆರಿದ ಪ್ರಾಣಗಳ ವರದಿಯೆಲ್ಲ ಬರಬೇಕು. ಅದಕ್ಕೆ ಕಂಡುಕೊಂಡ ದಾರಿ ಜಿಪುಣತನ. ಇದ್ದದ್ದನ್ನು ಮತ್ತೆ ಹೇಳುವುದಿಲ್ಲ. ಕಳೆದ ಬಾರಿ ನಿಮಗೆ ತಲುಪಿದ್ದಕ್ಕಿಂತ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದನ್ನು ಹುಡುಕುತ್ತ ಕೂರುವುದೂ ಇಲ್ಲ. 50 ಮಿಲಿಸೆಕೆಂಡಿನ ಹಿಂದಿನ ಸುದ್ದಿ ಯಾರಿಗೆ ಬೇಕು?

ಓಡುವುದನ್ನು ಊಹಿಸಿಕೊಳ್ಳಬಹುದು, ಬೇರೆಯವರ ಸಾವನ್ನು ಊಹಿಸಿ ಘೋಷಿಸುವಂತಿಲ್ಲ. ಅದಕ್ಕೆ ಒಬ್ಬನೇ ನ್ಯಾಯಾಧೀಶ ಬೇಕು. ‘ಹಾಫ್ ಲೈಫ್’ ಮತ್ತು ‘ಕೌಂಟರ್ ಸ್ಟ್ರೈಕ್’ ಆಟಗಳ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಒಂದು ಪ್ರಬಂಧದಲ್ಲಿ ಇದರ ಉಪಾಯವನ್ನು ವಿವರಿಸಿದರು. ಸರ್ವರ್ ಎಲ್ಲ ಆಟಗಾರರ ಇತ್ತೀಚಿನ ಚಲನೆಯನ್ನು ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಗುಂಡಿನ ಸುದ್ದಿ ಬಂದೊಡನೆ, ಅದು ದಾರಿಯಲ್ಲಿ ಕಳೆದ ಹೊತ್ತನ್ನು ಲೆಕ್ಕಹಾಕಿ, ಅಖಾಡದಲ್ಲಿದ್ದ ಎಲ್ಲರನ್ನೂ ಅಷ್ಟು ಹಿಂದಕ್ಕೆ ಒಯ್ದು ನಿಲ್ಲಿಸುತ್ತದೆ. ಆ ಕ್ಷಣದಲ್ಲಿ ನಿಮ್ಮ ಪರದೆಯ ಮೇಲೆ ಕಂಡಂತೆಯೇ. ಗುಂಡು ತಾಗಿತೇ ಎಂದು ನೋಡುತ್ತದೆ, ತೀರ್ಪು ಕೊಡುತ್ತದೆ, ಎಲ್ಲರನ್ನೂ ಮತ್ತೆ ವರ್ತಮಾನಕ್ಕೆ ತಂದುಬಿಡುತ್ತದೆ. ಇಷ್ಟೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಪ್ರತಿಯೊಂದು ಗುಂಡಿಗೂ. ಗೋಡೆಯ ಮರೆಗೆ ಸರಿದುಕೊಂಡ ಮೇಲೂ ತಾನು ಸತ್ತೆನೆಂದು ಆಟಗಾರ ಕೂಗಾಡುವುದು ಸುಳ್ಳಲ್ಲ. ಅವನ ವರ್ತಮಾನದಲ್ಲಿ ಅವನು ಮರೆಯಲ್ಲಿದ್ದ, ಹೊಡೆದವನ ವರ್ತಮಾನದಲ್ಲಿ ಬಯಲಲ್ಲಿದ್ದ. ಸರ್ವರ್ ಹೊಡೆದವನ ಕಣ್ಣನ್ನು ನಂಬಿತು.

ಊಹಿಸು, ಆಮೇಲೆ ತಿದ್ದು. ಈ ಎರಡು ಹೆಜ್ಜೆಯ ನಡೆ ಕ್ವೇಕ್ 3ರ ಕೋಡಿನ ಇನ್ನೊಂದು ಮೂಲೆಯಲ್ಲೂ ಸಿಗುತ್ತದೆ. ಬೆಳಕು, ನೆರಳು, ದಿಕ್ಕುಗಳ ಲೆಕ್ಕಕ್ಕೆ ಒಂದು ಸಂಖ್ಯೆಯ ವರ್ಗಮೂಲದ ವ್ಯುತ್ಕ್ರಮ ಪದೇ ಪದೇ ಬೇಕಾಗುತ್ತದೆ. ಅಂದಿನ ಪ್ರೊಸೆಸರ್‌ಗೆ ಭಾಗಾಕಾರ, ವರ್ಗಮೂಲ ಎರಡೂ ದುಬಾರಿ. ಕೋಡಿನಲ್ಲಿರುವ ತಂತ್ರ ಹೀಗಿದೆ: ದಶಮಾಂಶ ಸಂಖ್ಯೆಯನ್ನು ಇಟ್ಟುಕೊಂಡಿರುವ ಬಿಟ್‌ಗಳನ್ನು ಪೂರ್ಣಾಂಕವೆಂದೇ ಓದು, ಅರ್ಧ ಮಾಡು, ಅದನ್ನು 159 ಕೋಟಿ 74 ಲಕ್ಷ 63 ಸಾವಿರದ 7ರಿಂದ ಕಳೆ, ಮತ್ತೆ ದಶಮಾಂಶವೆಂದು ಓದು. ಉತ್ತರಕ್ಕೆ ಹತ್ತಿರದ ಊಹೆಯೊಂದು ಸಿಗುತ್ತದೆ. ನಂತರ ನ್ಯೂಟನ್ನನ ಹೆಸರಿನ ಹಳೆಯ ವಿಧಾನದಿಂದ ಒಂದೇ ಒಂದು ಬಾರಿ ತಿದ್ದು. ತಪ್ಪು ಶೇಕಡಾ 0.2ಕ್ಕಿಂತ ಕೆಳಗಿಳಿಯುತ್ತದೆ. ಕೋಡ್ ಬಯಲಾದಾಗ ಈ ವಿಚಿತ್ರ ಸಂಖ್ಯೆಯನ್ನು ಕಂಡು ಗಣಿತಜ್ಞರೇ ಮೂಗಿನ ಮೇಲೆ ಬೆರಳಿಟ್ಟರು. ಇದು ತನ್ನದಲ್ಲವೆಂದು ಕಾರ್ಮ್ಯಾಕ್ ಹೇಳಿದರು. ಹುಡುಕುತ್ತ ಹೋದವರಿಗೆ ಅದರ ಬೇರು ಕ್ವೇಕ್‌ಗಿಂತ ಎಷ್ಟೋ ಹಿಂದಕ್ಕೆ ಸಿಕ್ಕಿತು.

ಮನುಷ್ಯನ ಕೈಯೂ ಇದೇ ಹಾದಿ ಹಿಡಿದದ್ದು ಸೋಜಿಗ. ನುರಿತ ಆಟಗಾರರು ಮೌಸನ್ನು ನಿಧಾನಕ್ಕೆ ಇಟ್ಟುಕೊಳ್ಳುತ್ತಾರೆ. ಒಂದು ಸುತ್ತು ಪೂರ್ತಿ ತಿರುಗಲು ಮೇಜಿನ ಮೇಲೆ 45 ಸೆಂಟಿಮೀಟರ್ ಎಳೆಯಬೇಕು ಅನ್ನಿ. ಒಂದು ಡಿಗ್ರಿಗೆ 1.25 ಮಿಲಿಮೀಟರ್ ಆಯಿತು. ಮೂವತ್ತು ಮೀಟರ್ ದೂರದ ತಲೆಯ ಅಗಲ 20 ಸೆಂಟಿಮೀಟರ್ ಎಂದರೆ ಕಣ್ಣಿಗೆ ಅದು 0.38 ಡಿಗ್ರಿ. ಮೌಸ್ ಹಾಸಿನ ಮೇಲೆ ಅದು ಅರ್ಧ ಮಿಲಿಮೀಟರೂ ಅಲ್ಲ. ಹತ್ತು ಹನ್ನೆರಡು ಸೆಂಟಿಮೀಟರ್ ಎಳೆದು ಆ ಅರ್ಧ ಮಿಲಿಮೀಟರಿನೊಳಗೆ ನಿಲ್ಲಿಸಬೇಕು, ಕಾಲು ಸೆಕೆಂಡಿನ ಆಸುಪಾಸಿನಲ್ಲಿ. ಒಂದೇ ಎಳೆತದಲ್ಲಿ ಅದು ಆಗುವುದಿಲ್ಲ. 1899ರಲ್ಲೇ ರಾಬರ್ಟ್ ವುಡ್‌ವರ್ತ್ ಎಂಬ ಮನೋವಿಜ್ಞಾನಿ, ಗುರಿಯಿಟ್ಟ ಕೈಚಲನೆಯಲ್ಲಿ ಎರಡು ಹಂತಗಳಿವೆ ಎಂದು ತೋರಿಸಿದ್ದರು: ಮೊದಲು ಗುರಿಯ ಹತ್ತಿರಕ್ಕೆ ಕುರುಡಾಗಿ ಎಸೆದಂಥ ಒಂದು ನೆಗೆತ, ಆಮೇಲೆ ಕಣ್ಣಿನ ನೆರವಿನಿಂದ ಸಣ್ಣ ತಿದ್ದುಪಡಿ. ಕೈ ಮೊದಲು ಊಹಿಸುತ್ತದೆ, ಆಮೇಲೆ ತಿದ್ದುತ್ತದೆ.

ಮನಸ್ಸಿನ ಮಟ್ಟದಲ್ಲಿ ಆ ಊಹೆ ಇನ್ನೂ ದೂರ ಚಾಚುತ್ತದೆ. ಕ್ವೇಕ್ 3ರಲ್ಲಿ ಯಾರಾದರೂ ಎತ್ತಿಕೊಂಡ ರಕ್ಷಾಕವಚ 25 ಸೆಕೆಂಡಿಗೆ ಅದೇ ಜಾಗದಲ್ಲಿ ಮರಳಿ ಹುಟ್ಟುತ್ತದೆ. ದೊಡ್ಡ ಆರೋಗ್ಯಗೋಲ 35 ಸೆಕೆಂಡಿಗೆ. ಹತ್ತು ನಿಮಿಷದ ದ್ವಂದ್ವದಲ್ಲಿ ಒಂದು ಕವಚ ಸುಮಾರು 24 ಬಾರಿ, ಆ ಗೋಲ 17 ಬಾರಿ ಸಿಕ್ಕಬಹುದು. ಒಳ್ಳೆಯ ಆಟಗಾರನ ತಲೆಯಲ್ಲಿ ಈ ಗಡಿಯಾರಗಳೆಲ್ಲ ಒಟ್ಟಿಗೆ ಓಡುತ್ತಿರುತ್ತವೆ. 3:47ಕ್ಕೆ ತೆಗೆದದ್ದು 4:12ಕ್ಕೆ ಬರುತ್ತದೆ, ಎದುರಾಳಿಗೂ ಅದು ಗೊತ್ತು, ಹಾಗಾದರೆ 4:09ಕ್ಕೆ ಅವನು ಯಾವ ಬಾಗಿಲಲ್ಲಿರುತ್ತಾನೆ? ರಾಕೆಟ್ ಹಾರುವುದು ಆ ಬಾಗಿಲಿಗೆ, ಅವನು ಕಾಣುವ ಮೊದಲೇ. ನೋಡುಗರು ಅದನ್ನು ಚುರುಕು ಎನ್ನುತ್ತಾರೆ. ನಿಜಕ್ಕೂ ಅದು ಮೂರು ಸೆಕೆಂಡಿನ ಮುಂಗಾಣ್ಕೆ. 200 ಮಿಲಿಸೆಕೆಂಡಿನ ದೇಹಕ್ಕೆ ಅದರ ಮುಂದೆ ಲೆಕ್ಕವೇ ಇಲ್ಲ.

ಈಗ ಇದೆಲ್ಲವನ್ನೂ ಇಂದಿನ ಪ್ರಮಾಣಕ್ಕೆ ಹಿಗ್ಗಿಸಿ. 2020ರ ಜೂನ್‌ನಲ್ಲಿ ಬಂದ ‘ವ್ಯಾಲರಂಟ್’ನ ಸರ್ವರ್ ಸೆಕೆಂಡಿಗೆ 20 ಬಾರಿಯಲ್ಲ, 128 ಬಾರಿ ಲೋಕವನ್ನು ಹೊಸದಾಗಿ ಲೆಕ್ಕಹಾಕುತ್ತದೆ. ಒಂದು ಲೆಕ್ಕಕ್ಕೆ, ಆಟಗಾರರ ಮಾತಿನಲ್ಲಿ ಒಂದು ಟಿಕ್‌ಗೆ, 7.8 ಮಿಲಿಸೆಕೆಂಡ್. ಆದರೆ ಖರ್ಚು ಹೊಂದಬೇಕಾದರೆ ಪ್ರೊಸೆಸರಿನ ಒಂದು ಕೋರ್ ಮೂರು ಪಂದ್ಯಗಳನ್ನು ಒಟ್ಟಿಗೆ ನಡೆಸಬೇಕು. ಹಾಗಾಗಿ ಒಂದು ಟಿಕ್‌ನ ಕೆಲಸ 2.6 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಈ ಆಟ ತಯಾರಿಸಿದ ರಾಯಟ್ ಕಂಪನಿಯ ಎಂಜಿನಿಯರುಗಳು ಕೆಲಸ ಶುರುಮಾಡಿದಾಗ ಅದಕ್ಕೆ 50 ಮಿಲಿಸೆಕೆಂಡ್ ಹಿಡಿಯುತ್ತಿತ್ತಂತೆ. ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದರು. ಅವರ ಲೆಕ್ಕದಂತೆ 36 ಕೋರುಗಳ ಒಂದು ಯಂತ್ರ 108 ಪಂದ್ಯಗಳನ್ನು, 1,080 ಆಟಗಾರರನ್ನು ಹೊರುತ್ತದೆ. ಅಂದರೆ ಒಂದೇ ಪೆಟ್ಟಿಗೆಯಲ್ಲಿ ಸೆಕೆಂಡಿಗೆ 13,824 ಬಾರಿ ಒಂದಲ್ಲ ಒಂದು ಲೋಕ ಹುಟ್ಟಿ ತೀರ್ಪು ಪಡೆಯುತ್ತದೆ. ಅರ್ಧ ಗಂಟೆಯ ಒಂದು ಪಂದ್ಯಕ್ಕೆ 2,30,400 ಟಿಕ್.

ಸ್ಟೀಮ್ ಎಂಬ ಆಟಗಳ ತಾಣದಲ್ಲಿ ‘ಕೌಂಟರ್ ಸ್ಟ್ರೈಕ್ 2’ರ ಮುಂದೆ 2025ರಲ್ಲಿ ಒಂದು ಹೊತ್ತಿನಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ಕುಳಿತಿದ್ದರು. ಅವರಲ್ಲಿ ಅರ್ಧ ಮಂದಿ ಮಾತ್ರ ಪಂದ್ಯದಲ್ಲಿದ್ದರು ಎಂದುಕೊಂಡರೂ, ಹತ್ತು ಜನಕ್ಕೊಂದರಂತೆ 90,000 ಪಂದ್ಯ. ಸೆಕೆಂಡಿಗೆ 64 ಟಿಕ್‌ನಂತೆ 57 ಲಕ್ಷ 60 ಸಾವಿರ ಲೆಕ್ಕ. ಈ ಒಂದೊಂದರಲ್ಲೂ ಹತ್ತು ಜನ ಹತ್ತು ಬೇರೆ ಬೇರೆ ವರ್ತಮಾನಗಳಲ್ಲಿ ಕೂತಿದ್ದಾರೆ. ಅವರಲ್ಲಿ ಯಾರೊಬ್ಬರೂ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ನೋಡುತ್ತಿಲ್ಲ. ಕೈ ಊಹಿಸುತ್ತಿದೆ, ಕಂಪ್ಯೂಟರ್ ಊಹಿಸುತ್ತಿದೆ, ಸರ್ವರ್ ಹಿಂದಕ್ಕೆ ಹೋಗಿ ತಿದ್ದುತ್ತಿದೆ. ಆದರೂ ಹತ್ತೂ ಜನ ಒಂದೇ ಪಂದ್ಯ ಆಡಿದೆವೆಂದು ನಂಬಿ ಏಳುತ್ತಾರೆ. ಈ ಆಟಗಳ ನಿಜವಾದ ಬೆರಗು ವೇಗದಲ್ಲಿಲ್ಲ, ಈ ಒಮ್ಮತದಲ್ಲಿದೆ.

ಕೊನೆಗೆ ಮನೆಯಲ್ಲಿ ಇಂಥ ಆಟವಾಡುವ ಮಕ್ಕಳಿರುವವರಿಗೆ ಒಂದು ಲೆಕ್ಕದ ಮಾತು. ಮಾನಿಟರನ್ನು 60 ಹರ್ಟ್ಜ್‌ನಿಂದ 144ಕ್ಕೆ ಏರಿಸಿದರೆ ಎರಡು ಚಿತ್ರಗಳ ನಡುವಿನ ಅಂತರ ಹತ್ತು ಮಿಲಿಸೆಕೆಂಡಿನಷ್ಟು ಕಡಿಮೆಯಾಗುತ್ತದೆ. 240ರಿಂದ 360ಕ್ಕೆ ಏರಿಸಿದರೆ ಉಳಿಯುವುದು ಒಂದೂವರೆ ಮಿಲಿಸೆಕೆಂಡಿಗೂ ಕಡಿಮೆ. ತೆರುವ ಹಣ ಮಾತ್ರ ಸಾವಿರಗಟ್ಟಲೆ. ಸಿಂಗಪುರದ ಬದಲು ಮುಂಬೈ ಸರ್ವರನ್ನು ಆರಿಸಿಕೊಂಡರೆ ಬೆಳಕಿನ ಲೆಕ್ಕದಲ್ಲೇ 23 ಮಿಲಿಸೆಕೆಂಡ್ ಮಿಗುತ್ತದೆ, ಖರ್ಚು ಸೊನ್ನೆ. ವೈಫೈ ಬಿಟ್ಟು ರೂಟರಿನಿಂದ ನೇರ ಕೇಬಲ್ ಎಳೆಯಲು ಕೆಲವು ನೂರು ರೂಪಾಯಿ ಸಾಕು. ಹೊಸ ಪರದೆ ಬೇಕೆಂದು ಮಗ ಹಟ ಹಿಡಿದರೆ, ಮೊದಲು ಪಿಂಗ್ ಎಷ್ಟಿದೆ ತೋರಿಸೆಂದು ಕೇಳಿ.